ಝೋನ್ ಬಂತು ಕಣ್ಲಾ

ಹಾಸ್ಟೆಲಿನಲ್ಲಿ ಮನೆಯವರಿಟ್ಟ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ. ಉಳಿದಂತೆ ಊರೇ ಹೆಸರು. ಮಂಡ್ಯದಲ್ಲಿ ಓದುವಾಗ ನಾವು ನಾಲ್ವರು ಒಂದೇ ಕೋಣೆಯಲ್ಲಿದ್ದೆವು. ಶ್ರೀರಂಗಪಟ್ಟಣದವನು ಪಟ್ಟಣ, ಕೆ.ಆರ್. ಪೇಟೆಯವನು ಪೇಟೆ, ನಾಗಮಂಗಲದವನು ನಾಗಮಂಗಲ, ಪಾಂಡವಪುರದ ನಾನು ಪಾಂಡು. ಓದು ಮುಗಿದು ಇಷ್ಟು ವರ್ಷವಾದರೂ ನನ್ನ ಫೋನಿನಲ್ಲಿ ಅವರ ನಂಬರುಗಳು ಅದೇ ಹೆಸರಿನಲ್ಲಿವೆ. 2018ರಲ್ಲಿ ಪಬ್‌ಜಿ ಆಟ ಮೊಬೈಲಿಗೆ ಬಂದಾಗ ಅದು ನಮ್ಮ ಕೋಣೆಗೆಂದೇ ಹೇಳಿ ಮಾಡಿಸಿದಂತಿತ್ತು. ಆ ಆಟದ ಒಂದು ತಂಡಕ್ಕೆ ಬೇಕಾದದ್ದೂ ನಾಲ್ಕೇ ಜನ.

ಆಡದವರಿಗಾಗಿ ಎರಡು ಮಾತು. ನೂರು ಜನ ವಿಮಾನದಿಂದ ಜಿಗಿದು ಒಂದು ದ್ವೀಪದ ಮೇಲೆ ಬರಿಗೈಲಿ ಇಳಿಯುತ್ತಾರೆ. ಎರಂಗೆಲ್ ಎಂಬ ಹಳೆಯ ನಕ್ಷೆ ಎಂಟು ಕಿಲೋಮೀಟರ್ ಉದ್ದ, ಎಂಟು ಕಿಲೋಮೀಟರ್ ಅಗಲ. ಖಾಲಿ ಮನೆಗಳನ್ನು ಹೊಕ್ಕು ಬಂದೂಕು, ಗುಂಡು, ಔಷಧಿ ಆರಿಸಿಕೊಳ್ಳಬೇಕು. ಅದಕ್ಕೆ ಲೂಟ್ ಅನ್ನುತ್ತಾರೆ. ನಕ್ಷೆಯ ಮೇಲೊಂದು ವೃತ್ತವಿರುತ್ತದೆ. ಹೊತ್ತು ಹೋದ ಹಾಗೆ ಅದು ಕಿರಿದಾಗುತ್ತಾ ಬರುತ್ತದೆ. ವೃತ್ತದ ಆಚೆ ಉಳಿದವನ ಜೀವ ಹನಿಹನಿಯಾಗಿ ಸೋರಿಹೋಗುತ್ತದೆ. ಅದೇ ಝೋನ್. ಕೊನೆಯವರೆಗೆ ಉಳಿದ ತಂಡ ಗೆದ್ದಂತೆ. ಚೆನ್ನಾಗಿ ಆಡಿದರೆ ಅಂಕ ಏರುತ್ತದೆ, ಬೇಗ ಸತ್ತರೆ ಕೂಡಿಟ್ಟ ಅಂಕದಲ್ಲೂ ಕಡಿತ.

ಬಿ.ಕಾಂ. ಪುಸ್ತಕದಲ್ಲಿ ರಿಸ್ಕ್ ಮ್ಯಾನೇಜ್‌ಮೆಂಟ್ ಎಂಬ ಪಾಠವಿತ್ತು. ಅದನ್ನು ಓದಿ ಪರೀಕ್ಷೆಯಲ್ಲಿ ಬರೆದು ಬಂದಿದ್ದೆ. ಆದರೆ ಆ ಮಾತು ನನ್ನ ಮೈಗೆ ಹತ್ತಿದ್ದು ಈ ಆಟದಲ್ಲಿ ಕಳೆದುಕೊಂಡಾಗಲೇ. ಕಳೆದುಕೊಂಡ ರಾತ್ರಿಗಳಲ್ಲಿ ಒಂದೆರಡು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿವೆ.

ಅದು ಪರೀಕ್ಷೆ ಮುಗಿದ ವಾರ. ನೂರರಲ್ಲಿ ಉಳಿದವರು ಒಂಬತ್ತು ಜನ, ಅವರಲ್ಲಿ ನಾಲ್ವರು ನಾವೇ. ಗುಡ್ಡದ ಮೇಲೆ ದೊಡ್ಡ ಬಂಡೆಯೊಂದರ ಮರೆಯಲ್ಲಿದ್ದೆವು. ಮುಂದಿನ ವೃತ್ತವೂ ನಮ್ಮ ಮೇಲೆಯೇ ಬಿದ್ದಿತ್ತು. ಒಂದು ಹೆಜ್ಜೆಯನ್ನೂ ಎತ್ತಿಡಬೇಕಾಗಿರಲಿಲ್ಲ. ಅಷ್ಟರಲ್ಲಿ ವಿಮಾನ ಹಾದುಹೋಯಿತು. ಕೆಳಗಿನ ಬಯಲಿಗೆ ಕೆಂಪು ಹೊಗೆಯ ಪೆಟ್ಟಿಗೆ, ಅಂದರೆ ಡ್ರಾಪ್, ಇಳಿಯಿತು. ಆ ಪೆಟ್ಟಿಗೆಯಲ್ಲಿ ಎಡಬ್ಲ್ಯುಎಂ ಎಂಬ ಬಂದೂಕು ಸಿಗುವ ಸಂಭವವಿರುತ್ತದೆ. ತಲೆಗೆ ಅದರ ಒಂದೇ ಗುಂಡು ತಾಗಿದರೆ ಎಂಥ ಹೆಲ್ಮೆಟ್ಟೂ ತಡೆಯದು. "ತತ್ತೀನಿ ಇರ್ಲಾ" ಅಂದೆ. "ಬ್ಯಾಡ ಕಣ್ಲಾ, ನಮ್ಮತ್ರ ಇರಾದೇ ಸಾಕು" ಅಂದ ನಾಗಮಂಗಲ. ನಾನಾಗಲೇ ಇಳಿಜಾರಿನಲ್ಲಿ ಓಡುತ್ತಿದ್ದೆ.

ಪೆಟ್ಟಿಗೆ ಸಿಕ್ಕಿತು, ಅದರಲ್ಲಿ ಬಂದೂಕೂ ಇತ್ತು. ಹೋದ ಕೆಲಸ ಆಗಿತ್ತು, ಅಲ್ಲಿಗೇ ತಿರುಗಬೇಕಿತ್ತು. ಆದರೆ ಪೆಟ್ಟಿಗೆಯೊಳಗೆ ಮೂರನೇ ದರ್ಜೆಯ ಹೆಲ್ಮೆಟ್ ಕಂಡಿತು, ಅದರ ಕೆಳಗೆ ಹುಲ್ಲಿನಂಥ ಉಡುಪು ಕಂಡಿತು. ಎಲ್ಲವನ್ನೂ ಎತ್ತಿಕೊಳ್ಳಲು ನಾಲ್ಕು ಸೆಕೆಂಡು ಹೆಚ್ಚು ನಿಂತಿರಬೇಕು. ಯಾವುದೋ ಮರದ ಹಿಂದಿನಿಂದ ಗುಂಡು ಬಂತು, ನಾನು ನೆಲಕ್ಕೆ ಬಿದ್ದೆ. ಆಟದಲ್ಲಿ ಇದಕ್ಕೆ ನಾಕ್ ಅನ್ನುತ್ತಾರೆ. ಸಂಗಡಿಗ ಬಂದು ಎತ್ತಿದರೆ ಮತ್ತೆ ಏಳಬಹುದು. ಪೇಟೆ ಎತ್ತಲು ಓಡಿಬಂದ, ಅವನೂ ಬಿದ್ದ. ಅವನನ್ನು ಎತ್ತಲು ಪಟ್ಟಣ ಬಂದ. ಕೈಯಲ್ಲಿದ್ದ ಹೊಗೆಬಾಂಬನ್ನು ಮರೆಗಾಗಿ ಎಸೆಯುವುದನ್ನೂ ಮರೆತು ಬಂದ, ಬಿದ್ದ. ಮೂವರೂ ಒಂದೇ ಪೆಟ್ಟಿಗೆಯ ಸುತ್ತ ಬಿದ್ದಿದ್ದೆವು. ನಾಗಮಂಗಲ ಮಾತ್ರ ಬಂಡೆ ಬಿಟ್ಟು ಇಳಿಯಲಿಲ್ಲ. ನಾವು ಮೂವರೂ ಅವನನ್ನು ಬಾಯಿಗೆ ಬಂದ ಹಾಗೆ ಬೈದೆವು. ಅವನು ಮಾತಾಡದೆ ಆಡಿದ. ಕೊನೆಗೆ ನಮ್ಮ ತಂಡ ಎರಡನೇ ಸ್ಥಾನಕ್ಕೆ ಬಂತು. ಯಾರ ಅಂಕವೂ ಕಡಿತವಾಗಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಬಂಡೆಯ ಮರೆಯಲ್ಲಿ ಇದ್ದದ್ದರಲ್ಲೇ ಗೆಲ್ಲಬಹುದಿತ್ತು. ನನಗೆ ಬೇಕಾಗಿರದ ಒಂದು ವಸ್ತುವಿನ ಬೆಲೆಯನ್ನು ಮೂವರು ತೆತ್ತಿದ್ದೆವು. ಮೊದಲ ತಪ್ಪು ನನ್ನ ಆಸೆಯದು. ಆಮೇಲಿನ ಎರಡು ತಪ್ಪುಗಳು ಸ್ನೇಹದವು. ನನ್ನ ಅನುಭವದಲ್ಲಿ ಎರಡನೇ ಬಗೆಯ ತಪ್ಪೇ ಹೆಚ್ಚು ಕಷ್ಟದ್ದು, ಯಾಕೆಂದರೆ ಅದನ್ನು ಮಾಡುವಾಗ ನಾವು ಸರಿಯಾದದ್ದನ್ನೇ ಮಾಡುತ್ತಿದ್ದೇವೆ ಅನ್ನಿಸುತ್ತಿರುತ್ತದೆ.

ನಾಗಮಂಗಲ ಯಾಕೆ ಹಾಗೆ ಆಡುತ್ತಾನೆಂಬುದು ಅವನ ಊರಿಗೆ ಹೋದ ಮೇಲೆ ತಿಳಿಯಿತು. ನಮ್ಮದು ನಾಲೆ ಬಯಲು. ವಿಶ್ವೇಶ್ವರಯ್ಯ ನಾಲೆಯ ನೀರು ಕಾಲಬುಡಕ್ಕೇ ಬರುತ್ತದೆ. ನೀರು ಬಿಟ್ಟರೆಂದರೆ ಬೆಳೆ ಆಯಿತೆಂದೇ ನಂಬಿ ಬೆಳೆದವರು ನಾವು. ಪಟ್ಟಣದವನ ಮನೆ ಕೋಟೆಯೊಳಗೆ, ಸುತ್ತಲೂ ಕಾವೇರಿ. ಪೇಟೆಯವರಿಗೆ ಒಂದು ಕಡೆ ಹೇಮಾವತಿ, ಇನ್ನೊಂದು ಕಡೆ ಒಣಭೂಮಿ. ನಾಗಮಂಗಲದ ಬಹುಪಾಲು ಊರುಗಳು ಮಾತ್ರ ಮುಗಿಲು ನೋಡಿ ಬದುಕುವ ಊರುಗಳು. ಅವನ ಅಪ್ಪನ ಮೂರು ಎಕರೆ ಬೆದ್ದಲಿನಲ್ಲಿ ಆಗ ರಾಗಿ ಮೊಣಕಾಲೆತ್ತರ ಬಂದಿತ್ತು. ರಾಗಿಯ ನಡುನಡುವೆ ಅವರೆಯ ಸಾಲು, ಆಚೆ ತೊಗರಿ, ಅಂಚಿಗೆ ಜೋಳ, ಅಲ್ಲಲ್ಲಿ ಹುಚ್ಚೆಳ್ಳಿನ ಹಳದಿ ಹೂ. ಅಕ್ಕಡಿ ಸಾಲು ಎಂಬ ಮಾತನ್ನು ನಾನು ಕೇಳಿದ್ದೆ, ಕಣ್ಣಾರೆ ಕಂಡದ್ದು ಅವತ್ತೇ. "ಇಷ್ಟೊಂದು ಬಗೆ ಯಾಕ್ ತಾತ, ರಾಗಿನೇ ಹಾಕುದ್ರೆ ಜಾಸ್ತಿ ಬರಾಕಿಲ್ವಾ" ಎಂದು ಅವನ ತಾತನನ್ನು ಕೇಳಿದೆ.

"ಮಳೆ ಯಾರ್ ಮಾತೂ ಕೇಳಾಕಿಲ್ಲ ಮಗ. ರಾಗಿ ಕೈ ಕೊಟ್ರೆ ಅವರೆ ಐತೆ, ಅವರೆ ಕೈ ಕೊಟ್ರೆ ಹುಚ್ಚೆಳ್ಳು ಐತೆ. ಎಲ್ಲಾ ಒಂದೇ ದಿನ ಸಾಯಾಕಿಲ್ಲ" ಅಂದರು ತಾತ.

ಅವರ ಹಿತ್ತಿಲಿನಲ್ಲಿ ಹಳೆಯ ಹಗೇವಿನ ಬಾಯಿ ಇತ್ತು, ಮೇಲೆ ಚಪ್ಪಡಿ ಮುಚ್ಚಿದ್ದರು. ನೆಲದೊಳಗಿನ ಆ ಗುಂಡಿಯಲ್ಲಿ ರಾಗಿ ತುಂಬಿಟ್ಟರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ; ಮಳೆ ಹೋದ ವರ್ಷಕ್ಕೆ ಅದೇ ದಿಕ್ಕು. ಹಗೇವನ್ನು ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲವಂತೆ. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಬಾಯಿ ತೆರೆದಿಟ್ಟು ಕಾಯುವುದು, ಆಮೇಲೆ ಹಗ್ಗದಲ್ಲಿ ದೀಪ ಇಳಿಬಿಡುವುದು, ದೀಪ ಆರದೆ ಉರಿದರೆ ಮಾತ್ರ ಮನುಷ್ಯ ಇಳಿಯುವುದು. ಒಳಗಿರುವುದು ಅವರದೇ ರಾಗಿ, ಹೊರಗೆ ಹಸಿದ ಮಕ್ಕಳು. ಆದರೂ ದೀಪ ಮೊದಲು. ತಾತ ಇದನ್ನು ಹೇಳುತ್ತಿದ್ದಾಗ ನನಗೆ ಬಯಲಿನಲ್ಲಿ ಬಿದ್ದ ಡ್ರಾಪಿನ ಪೆಟ್ಟಿಗೆಯೇ ಕಣ್ಣಮುಂದೆ ಬಂತು. ನಾಗಮಂಗಲ ಆಟದಲ್ಲಿ ಎಂದೂ ಎರಡು ಹೊಗೆಬಾಂಬು ಇಲ್ಲದೆ ಹೊರಟವನಲ್ಲ. ವೃತ್ತ ಕಿರಿದಾಗುವ ಅರ್ಧ ನಿಮಿಷ ಮೊದಲೇ "ಝೋನ್ ಬಂತು ಕಣ್ಲಾ, ನಡೀರ್ಲಾ" ಎಂದು ಎಬ್ಬಿಸುತ್ತಿದ್ದವನೂ ಅವನೇ. ಆ ಎಚ್ಚರವನ್ನು ಅವನು ಮೊಬೈಲಿನಿಂದ ಕಲಿತಿರಲಿಲ್ಲ.

ಹಾಗೆಂದು ಮರೆಯಲ್ಲೇ ಕೂತಿದ್ದರೆ ಆಟ ನಡೆಯುವುದಿಲ್ಲ. ಇದನ್ನು ನನ್ನ ಅಜ್ಜಿ ಚೌಕಾಬಾರದಲ್ಲಿ ಎಷ್ಟೋ ಮೊದಲೇ ಹೇಳಿಕೊಟ್ಟಿದ್ದಳು. ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು, ಒಂದು ಮಗ್ಗುಲು ಉಜ್ಜಿ ಬೆಳ್ಳಗೆ ಮಾಡಿದ ಹುಣಸೆ ಬೀಜಗಳನ್ನು ಕವಡೆಯ ಬದಲು ಹಾಕಿ ಆಡುತ್ತಿದ್ದೆವು. ಅಡ್ಡಗೆರೆ ಎಳೆದ ಮನೆ ಕಟ್ಟೆ; ಅಲ್ಲಿ ಕೂತ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ. ನಾನು ಚಿಕ್ಕವನಿದ್ದಾಗ ಎಲ್ಲ ಕಾಯಿಗಳನ್ನೂ ಕಟ್ಟೆಯಲ್ಲಿ ಕೂರಿಸಿ ಕಾಯುತ್ತಿದ್ದೆ. ಆದರೆ ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವ ಹಾಗಿಲ್ಲ, ಒಳಸುತ್ತಿಗೆ ಹೋಗದೆ ಕಾಯಿ ಹಣ್ಣಾಗುವುದಿಲ್ಲ. "ಕಟ್ಟೇಲೇ ಕೂತ್ರೆ ಹಣ್ಣಾದೀಯಾ ಮಗ? ಎದ್ದು ನಡಿ. ನಡೆಯೋ ಮುಂಚೆ ನಿನ್ನ ಹಿಂದೆ ಯಾರವ್ರೆ ಅಂತ ಒಂದ್ಸಲ ನೋಡ್ಕೊ" ಅನ್ನುತ್ತಿದ್ದಳು. ಈ ಹಿಂದೆ ನೋಡಿಕೊಳ್ಳುವುದು, ಎಷ್ಟು ಮನೆ ದೂರದಲ್ಲಿ ಯಾರ ಕಾಯಿ ಇದೆ, ಅವನಿಗೆ ಯಾವ ಗರ ಬಿದ್ದರೆ ನಾನು ಹೋಗುತ್ತೇನೆ ಎಂದು ಎಣಿಸುವುದು, ಇದಕ್ಕಿಂತ ಹೆಚ್ಚಿನದನ್ನು ಬಿ.ಕಾಂ. ಪುಸ್ತಕವೂ ಹೇಳಿರಲಿಲ್ಲ.

ಇನ್ನೊಂದು ರಾತ್ರಿ ಸೀಸನ್ ಮುಗಿಯುವ ಹಿಂದಿನ ರಾತ್ರಿ. ಎರಡು ತಿಂಗಳಿಗೊಮ್ಮೆಯೋ ಏನೋ ಸೀಸನ್ ಮುಗಿದು ದರ್ಜೆಗಳು ಕೆಳಗಿಳಿಯುತ್ತಿದ್ದವು. ಕ್ರೌನ್ ದರ್ಜೆ ದಾಟಿ ಏಸ್ ಮುಟ್ಟಲು 4200 ಅಂಕ ಬೇಕು. ನನ್ನದು 4165. ಮೂವತ್ತೈದೇ ಅಂಕ. ಹತ್ತು ಗಂಟೆಗೆ ಶುರು ಮಾಡಿದೆವು. ಮೊದಲ ಆಟಕ್ಕೆ 4188ಕ್ಕೆ ಬಂದೆ. ಎರಡನೆಯದರಲ್ಲಿ ಇಳಿದ ಕೂಡಲೇ ಸತ್ತೆ. ಹೋದದ್ದನ್ನು ಹಿಂದಕ್ಕೆ ತರಬೇಕೆಂದು ಮೂರನೆಯದರಲ್ಲಿ ಇನ್ನೂ ಗದ್ದಲದ ಜಾಗಕ್ಕೆ ಜಿಗಿದೆ, ಅಲ್ಲೂ ಅದೇ ಕತೆ. ಕಣ್ಣು ಉರಿಯುತ್ತಿತ್ತು, ಬೆರಳು ಮಾತು ಕೇಳುತ್ತಿರಲಿಲ್ಲ. ಉಳಿದವರು ಒಬ್ಬೊಬ್ಬರಾಗಿ ಮಲಗಿದರು. ನಾನು ಗುರುತಿಲ್ಲದವರ ಜೊತೆ ಸೇರಿ ನಾಲ್ಕು ಗಂಟೆಯವರೆಗೆ ಆಡಿದೆ. ಬೆಳಗಾದಾಗ ನನ್ನ ಅಂಕ 3970. ಮೊದಲ ಆಟ ಮುಗಿದಾಗ ಬೇಕಿದ್ದದ್ದು ಹನ್ನೆರಡು. ಬೆಳಗಿನ ಹೊತ್ತಿಗೆ ಇನ್ನೂರಹದಿನೆಂಟು ಹೋಗಿತ್ತು.

ಅವತ್ತು ಪಟ್ಟಣ ಹೇಳಿದ ಮಾತು ನಮ್ಮ ತಂಡದ ಕಾನೂನಾಯಿತು. ಅವನು ಕಾವೇರಿಯಲ್ಲಿ ಈಜು ಕಲಿತವನು. ಪಶ್ಚಿಮವಾಹಿನಿಯಲ್ಲಿ, ಬಲಮುರಿಯಲ್ಲಿ ಮೇಲೆ ಸುಮ್ಮನೆ ಕಾಣುವ ನೀರು ಒಳಗೆ ಹೇಗೆ ಎಳೆಯುತ್ತದೆಂದು ಬಲ್ಲವನು. "ಹೊಳೇಲಿ ಸುಸ್ತಾದೋನು ಆಚೆ ದಡ ಹತ್ರ ಐತೆ ಅಂತ ಈಜಬಾರ್ದು ಪಾಂಡು. ಯಾವ ದಡ ಹತ್ರವೋ ಅಲ್ಲಿಗೆ ಬಂದು ಕೂತ್ಕಬೇಕು. ಹೊಳೆ ನಾಳೆನೂ ಇರ್ತದೆ." ಅಂದಿನಿಂದ ಸತತ ಎರಡು ಆಟ ಸೋತರೆ ಫೋನು ಕೆಳಗಿಡುವುದು. ಯಾರು ಎಷ್ಟೇ ಗೋಗರೆದರೂ ಮೂರನೆಯದು ಇಲ್ಲ.

ಕೋಟೆಯೊಳಗೆ ಬೆಳೆದವನಾದ್ದರಿಂದ ಪಟ್ಟಣನಿಗೆ ಚರಿತ್ರೆ ನೆರೆಮನೆಯ ಸುದ್ದಿಯಿದ್ದ ಹಾಗೆ. ಒಮ್ಮೆ ಕೆ.ಆರ್.ಎಸ್. ಅಣೆಕಟ್ಟೆಯ ಹತ್ತಿರ ನಿಂತು ನೀರು ನೋಡುತ್ತಿದ್ದಾಗ, "ಈ ನೀರೊಳಗೆ ಮುಳುಗೋಗಿರೋ ಹಳೇ ಕನ್ನಂಬಾಡೀಲಿ ಏನಾಯ್ತು ಗೊತ್ತೇನ್ಲಾ" ಎಂದು ಅವನು ಹೇಳಿದ ಕತೆ ನನ್ನನ್ನು ಬಹಳ ಕಾಲ ಕಾಡಿತು. 1791ರ ಮಾರ್ಚಿನಲ್ಲಿ ಟಿಪ್ಪುವಿನ ಬೆಂಗಳೂರು ಕೋಟೆ ಹಿಡಿದ ಇಂಗ್ಲಿಷ್ ಸೇನಾಪತಿ ಕಾರ್ನ್‌ವಾಲಿಸ್ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಾಗಿಲಿಗೇ ಬಂದ. ಮೇ 15ರಂದು ಅರಕೆರೆಯ ಹತ್ತಿರ ನಡೆದ ಕಾಳಗದಲ್ಲಿ ಗೆದ್ದೂ ಗೆದ್ದ. ಕೋಟೆ ಕಣ್ಣೆದುರಿಗಿತ್ತು. ಆದರೆ ಮಳೆ ಹಿಡಿದು ಹೊಳೆ ಏರುತ್ತಿತ್ತು, ದಿನಸಿ ತೀರಿತ್ತು, ತೋಪು ಎಳೆಯುವ ಎತ್ತುಗಳು ಸಾಲುಸಾಲಾಗಿ ಸಾಯುತ್ತಿದ್ದವು, ಮಲಬಾರಿನ ಕಡೆಯಿಂದ ಕೊಡಗು ದಾಟಿ ಬಂದ ಇನ್ನೊಂದು ಪಡೆ ಬಂದು ಸೇರುವಂತಿರಲಿಲ್ಲ. ಗೆದ್ದ ಮೇಲೆ ಅವನು ಮಾಡಿದ್ದೇನೆಂದರೆ, ಕನ್ನಂಬಾಡಿಯಲ್ಲಿ ತನ್ನ ಕೋಟೆ ಒಡೆಯುವ ದೊಡ್ಡ ತೋಪುಗಳನ್ನು ತಾನೇ ನಾಶಮಾಡಿ ಬೆಂಗಳೂರಿಗೆ ಹಿಂದಿರುಗಿದ. ಆ ವರ್ಷದ ಉಳಿದ ತಿಂಗಳುಗಳಲ್ಲಿ ನಂದಿಬೆಟ್ಟ, ಸಾವನದುರ್ಗ ಹಿಡಿದು ದಿನಸಿ ಬರುವ ದಾರಿಗಳನ್ನು ಭದ್ರ ಮಾಡಿಕೊಂಡ. 1792ರ ಫೆಬ್ರುವರಿಯಲ್ಲಿ, ಹೊಳೆ ಇಳಿದಿರುವ ಕಾಲಕ್ಕೆ, ಮತ್ತೆ ಬಂದ. ಟಿಪ್ಪು ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಒತ್ತೆಯಾಗಿ ಇಬ್ಬರು ಗಂಡುಮಕ್ಕಳನ್ನು ಕೊಡಬೇಕಾಯಿತು.

ಇದು ನಮ್ಮ ನೆಲದ ಸೋಲಿನ ಕತೆ, ಹೇಳುವಾಗ ಪಟ್ಟಣನ ದನಿ ತಗ್ಗಿತ್ತು. ಆದರೆ ತೋಪು ಒಡೆದ ಆ ಗಳಿಗೆಯನ್ನು ನಾನು ಮರೆಯಲಾರೆ. ಎಷ್ಟು ದೂರದಿಂದ, ಎಷ್ಟು ಎತ್ತುಗಳ ಹೆಗಲ ಮೇಲೆ ಎಳೆಸಿ ತಂದದ್ದು! ತಂದಿದ್ದೇನೆ ಎಂಬ ಒಂದೇ ಕಾರಣಕ್ಕೆ ಅದನ್ನು ಬಿಡಲಾರದೆ ಕೂತಿದ್ದರೆ ಪಡೆಯೇ ಮುಳುಗುತ್ತಿತ್ತು. ನನ್ನ 3970ರ ರಾತ್ರಿಯಲ್ಲಿ ನಾನು ಮಾಡಲಾರದೆ ಹೋದದ್ದು ಅದನ್ನೇ.

ನಮ್ಮ ಕಡೆಯ ಕತೆಯೂ ಒಂದಿದೆ. ನಮ್ಮ ತಾಲ್ಲೂಕಿನ ಚಿನಕುರಳಿಯಲ್ಲಿ 1771ರಲ್ಲಿ ಹೈದರಾಲಿ ಮರಾಠರ ಕೈಯಲ್ಲಿ ದೊಡ್ಡ ಸೋಲುಂಡ. ಪಡೆ ಚೆದುರಿಹೋಯಿತು. ಆದರೆ ಶ್ರೀರಂಗಪಟ್ಟಣದ ಕೋಟೆ ಹತ್ತಿರವಿತ್ತು, ಅಲ್ಲಿಗೆ ತಲುಪಿದ, ಉಳಿದ. ಒಂಬತ್ತು ವರ್ಷದ ಮೇಲೆ 1780ರಲ್ಲಿ ಪೊಳ್ಳಿಲೂರಿನಲ್ಲಿ ಇಂಗ್ಲಿಷರನ್ನು ಅವನ ಪಡೆ ಸೋಲಿಸಿದ ಚಿತ್ರ ಇಂದಿಗೂ ಅಲ್ಲಿನ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲಿದೆ. ಆ ಗೋಡೆಯ ಮುಂದೆ ನಿಂತಾಗಲೆಲ್ಲ ನನಗೆ ಚಿನಕುರಳಿ ನೆನಪಾಗುತ್ತದೆ. ಅಂದು ಹಿಂದಿರುಗಲು ಒಂದು ದಾರಿ ಇರದಿದ್ದರೆ ಈ ಚಿತ್ರವಿರುತ್ತಿರಲಿಲ್ಲ.

ಆಟದೊಳಗಿನ ಅಪಾಯವನ್ನಷ್ಟೇ ಎಣಿಸುತ್ತಿದ್ದ ನಮಗೆ ಹೊರಗಿನದೂ ಒಂದು ಬಂತು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಸೇರಿ 118 ಆ್ಯಪ್‌ಗಳನ್ನು ನಿಷೇಧಿಸಿತು. ಮರುವರ್ಷ ಜುಲೈ 2ಕ್ಕೆ ಅದೇ ಆಟ ಬಿಜಿಎಂಐ ಎಂಬ ಹೆಸರಿನಲ್ಲಿ ಹಿಂದಿರುಗಿದಾಗ ಫೇಸ್‌ಬುಕ್ಕಿಗೋ ಟ್ವಿಟರಿಗೋ ಖಾತೆ ಜೋಡಿಸಿಕೊಂಡಿದ್ದವರು ಹಳೆಯದನ್ನು ತಂದುಕೊಂಡರು. ಎರಡು ನಿಮಿಷದ ಕೆಲಸ ಅದು. ಇವತ್ತು ಮಾಡಿದರಾಯಿತು, ನಾಳೆ ಮಾಡಿದರಾಯಿತು ಎಂದು ಅತಿಥಿ ಖಾತೆಯಲ್ಲೇ ಆಡಿಕೊಂಡಿದ್ದ ನನ್ನ ಎರಡೂವರೆ ವರ್ಷ ಹೋಯಿತು. ಸಣ್ಣದೊಂದು ಕೆಲಸ ಬಿಟ್ಟು ದೊಡ್ಡದನ್ನು ಕಳೆದುಕೊಂಡವನು ನಾನೊಬ್ಬನೇ ಅಲ್ಲ.

ದೂರದ ಐಸ್‌ಲ್ಯಾಂಡಿನ ಕಂಪನಿಯೊಂದು 2003ರಲ್ಲಿ ತಂದ ಈವ್ ಆನ್‌ಲೈನ್ ಎಂಬ ಆಟವಿದೆ. ಅದರಲ್ಲಿ ಬಾಹ್ಯಾಕಾಶದ ಹಡಗು ನಾಶವಾದರೆ ಆಯಿತು, ತಿಂಗಳುಗಟ್ಟಲೆ ದುಡಿದು ಕಟ್ಟಿದ್ದಾದರೂ ಮರಳಿ ಬರುವುದಿಲ್ಲ. ಕಳೆದುಕೊಂಡರೆ ತಾಳಲಾರದ ಹಡಗನ್ನು ಹಾರಿಸಬೇಡ ಎಂಬುದು ಅಲ್ಲಿನ ಹಿರಿಯರು ಹೊಸಬರಿಗೆ ಹೇಳುವ ಮೊದಲ ಮಾತು. 2014ರ ಜನವರಿಯಲ್ಲಿ ಆ ಆಟದ ಅತಿದೊಡ್ಡ ಕಾಳಗವೊಂದು ನಡೆಯಿತು: ಇಪ್ಪತ್ತೊಂದು ಗಂಟೆ, ಏಳೂವರೆ ಸಾವಿರಕ್ಕೂ ಹೆಚ್ಚು ಆಟಗಾರರು, ನಿಜದ ಹಣಕ್ಕೆ ಲೆಕ್ಕ ಹಾಕಿದರೆ ಮೂರು ಲಕ್ಷ ಡಾಲರ್ ಆಸುಪಾಸಿನ ನಷ್ಟ. ಕಾರಣ, ಒಂದು ಪ್ರದೇಶದ ಒಡೆತನ ಉಳಿಸಿಕೊಳ್ಳಲು ಕಟ್ಟಬೇಕಿದ್ದ ಮಾಮೂಲಿ ಬಾಕಿಯೊಂದು ಆ ಸಲ ಕಟ್ಟದೆ ಉಳಿದದ್ದು.

ಇದನ್ನು ಓದಿದಾಗ ನನಗೆ 2023 ನೆನಪಾಯಿತು. ಆ ಹೊತ್ತಿಗೆ ನಾನು ಊರಿಗೆ ಬಂದು ಅಪ್ಪನ ಜೊತೆ ಬೇಸಾಯಕ್ಕೆ ನಿಂತಿದ್ದೆ. ನಾಲೆ ಬುಡದ ಎರಡು ಎಕರೆ, ಮೇಲುಗಡೆ ಒಂದು ಎಕರೆ ಬೆದ್ದಲು. ಎರಡು ಎಕರೆಗೂ ಸಾಲ ತಂದು ಹೊಸ ಕಬ್ಬು ನಾಟಿ ಮಾಡೋಣವೆಂಬುದು ಅಪ್ಪನ ಮಾತು. ನಾನು ಒಂದು ವಾರ ಜಗಳವಾಡಿದೆ. "ಅಪ್ಪ, ಅರ್ಧಕ್ಕೆ ಕಬ್ಬು ಸಾಕು. ನೀರು ಬರ್ದೇ ಹೋದ್ರೆ ಅರ್ಧನಾದ್ರೂ ಉಳೀಲಿ. ಬೆದ್ದಲಿಗೆ ರಾಗಿ ಜೊತೆ ಅಕ್ಕಡಿ ಬಿಡಾನ." ಅಪ್ಪ ಒಪ್ಪಿದ್ದು ನನ್ನ ಕಾಟಕ್ಕೆ. ಆ ವರ್ಷ ರಾಜ್ಯಕ್ಕೆ ಬರ ಬಿತ್ತು. 124.80 ಅಡಿಯ ಕೆ.ಆರ್.ಎಸ್. ತುಂಬಲಿಲ್ಲ, ಬೇಸಿಗೆ ಬೆಳೆಗೆ ನಾಲೆಯಲ್ಲಿ ನೀರು ಬರಲಿಲ್ಲ. ಒಂದು ಎಕರೆ ಕಬ್ಬು ನಿಂತಲ್ಲೇ ಸೊರಗಿತು. ಉಳಿದರ್ಧಕ್ಕೆ ಸಾಲವನ್ನೇ ಮಾಡಿರಲಿಲ್ಲವಾದ್ದರಿಂದ ಬಡ್ಡಿಯ ಭಾರ ಅರ್ಧಕ್ಕೇ ನಿಂತಿತು. ಬೆದ್ದಲಿನಲ್ಲಿ ರಾಗಿ ಕಾಳು ಕಟ್ಟಲಿಲ್ಲ, ಅವರೆ ಮಾತ್ರ ಇಬ್ಬನಿಗೇ ಹೂ ಬಿಟ್ಟು ಕಾಯಾಯಿತು.

ಆದರೆ ಬೆಳೆ ವಿಮೆಯ ಕಂತು ಕಟ್ಟಿರಲಿಲ್ಲ. ಮುಂಗಾರಿನ ಆಹಾರ ಬೆಳೆಗಳಿಗೆ ರೈತನ ಪಾಲು ವಿಮೆ ಮೊತ್ತದ ಶೇಕಡ ಎರಡು ಮಾತ್ರ. ಪಹಣಿ, ಪಾಸ್‌ಬುಕ್ಕು ಎಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಗೋಡೆಯ ಮೊಳೆಗೆ ತೂಗುಹಾಕಿದ್ದೆ. ಕೊನೆಯ ದಿನಾಂಕ ಕಳೆದು ಮೂರು ದಿನವಾದ ಮೇಲೆ ಅದು ಕಣ್ಣಿಗೆ ಬಿತ್ತು. ಅತಿಥಿ ಖಾತೆಯ ತಪ್ಪನ್ನೇ ಮತ್ತೊಮ್ಮೆ ಮಾಡಿದ್ದೆ, ಈ ಸಲ ನಿಜದ ಹೊಲದಲ್ಲಿ. 2024ರಿಂದ ಅರ್ಜಿ ಕರೆದ ಮೊದಲ ವಾರವೇ ಕಟ್ಟುತ್ತಿದ್ದೇನೆ.

ಇಲ್ಲಿಯವರೆಗೆ ಹೇಳಿದ ನಷ್ಟಗಳನ್ನೆಲ್ಲ ನಾನು ಕೃತಜ್ಞತೆಯಿಂದಲೇ ನೆನೆಯುತ್ತೇನೆ. ಪೇಟೆಯದನ್ನು ಹಾಗೆ ನೆನೆಯಲಾರೆ.

ಅವನಿಗೆ ಊರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ. ಲಾಕ್‌ಡೌನಿನಲ್ಲಿ ಅಂಗಡಿ ಮುಚ್ಚಿದ್ದಾಗ ಹಣ ಕಟ್ಟಿ ಆಡುವ ರಮ್ಮಿಗೆ ಬಿದ್ದ. ಮೊದಲ ವಾರ ಸಾವಿರದೆಂಟುನೂರು ಗೆದ್ದ. ಆಮೇಲಿನ ಲೆಕ್ಕ ಅವನು ಯಾರಿಗೂ ಹೇಳಲಿಲ್ಲ. ರಾತ್ರಿ ನಮ್ಮ ಜೊತೆ ಆಡಲು ಬರುವುದು ಕಡಿಮೆಯಾಯಿತು. ಬಂದರೂ ಮಾತು ಕಡಿಮೆ. ಅಂಗಡಿ ಕೆಲಸ ಜಾಸ್ತಿಯಿರಬೇಕೆಂದುಕೊಂಡೆವು. ಕರ್ನಾಟಕ ಸರ್ಕಾರ 2021ರ ಅಕ್ಟೋಬರಿನಲ್ಲಿ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದಾಗ ನಾಲ್ಕು ತಿಂಗಳು ಬಿಟ್ಟಿದ್ದನಂತೆ. 2022ರ ಫೆಬ್ರುವರಿ 14ಕ್ಕೆ ಹೈಕೋರ್ಟು ಆ ನಿಷೇಧವನ್ನು ರದ್ದು ಮಾಡಿತು, ಅವನು ಮತ್ತೆ ಶುರು ಮಾಡಿದ. ನಮಗೆ ತಿಳಿಯುವ ಹೊತ್ತಿಗೆ ಎರಡು ಲಕ್ಷದ ನಲವತ್ತು ಸಾವಿರ ಹೋಗಿತ್ತು. ಅವರವ್ವನ ಎರಡೆಳೆ ಸರ ಗಿರವಿಗೆ ಹೋಗಿತ್ತು.

ಅದೂ ಆಟ, ಇದೂ ಆಟ, ಅಲ್ಲೂ ಸೋತೇ ಕಲಿಯುತ್ತಾರಲ್ಲ ಎಂದು ಕೆಲವರು ಹೇಳುವುದನ್ನು ಕೇಳಿದ್ದೇನೆ. ನಾನು ಒಪ್ಪುವುದಿಲ್ಲ. ನಮ್ಮ ಆಟದಲ್ಲಿ ಪ್ರತಿ ಹೊಸ ಸುತ್ತಿಗೆ ನೂರು ಜನರೂ ಬರಿಗೈಲಿ ಇಳಿಯುತ್ತಾರೆ. ನಿನ್ನೆ ಸೋತವನಿಗೂ ಇವತ್ತು ಅದೇ ನೆಲ, ಅದೇ ವೃತ್ತ. ಅದಕ್ಕೇ ಅಲ್ಲಿ ತಪ್ಪನ್ನು ತಣ್ಣಗೆ ನೋಡಲು ಆಗುತ್ತದೆ. ಹಣದ ಆಟದಲ್ಲಿ ಮನುಷ್ಯ ಪ್ರತಿ ಸಲವೂ ತಾನು ಸೋತ ಜಾಗದಿಂದಲೇ ಶುರು ಮಾಡುತ್ತಾನೆ, ಬೆನ್ನ ಮೇಲೆ ನಿನ್ನೆಯ ಸಾಲವಿರುತ್ತದೆ. ನನ್ನ 3970ರ ರಾತ್ರಿ ಬೆಳಗಿಗೆ ಮುಗಿಯಿತು. ಅವನ ಆ ರಾತ್ರಿ ಎರಡು ವರ್ಷ ನಡೆಯಿತು. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ದೇಶದಾದ್ಯಂತ ನಿಷೇಧಿಸುವ ಕಾಯಿದೆ ತಂದಾಗ ನಾನು ಸಂತೋಷಪಟ್ಟೆ. ಅದು ಐದು ವರ್ಷ ಮೊದಲೇ ಬರಬೇಕಿತ್ತು.

ವಿಷಯ ತಿಳಿದ ರಾತ್ರಿ ನಾಗಮಂಗಲನೇ ಮೊದಲು ಫೋನು ಮಾಡಿದ. ನಾನು ಆಗಲೇ ಸೊಸೈಟಿಯಲ್ಲಿದ್ದ ಹಣ ತೆಗೆದು ಕೊಟ್ಟುಬಿಡುವ ಯೋಚನೆಯಲ್ಲಿದ್ದೆ. "ಬರೀ ಓಡೋಗಿ ಎತ್ತಕ್ಕೋದ್ರೆ ನಾವೂ ನಾಕ್ ಆಯ್ತೀವಿ ಪಾಂಡು. ಮೊದ್ಲು ಸ್ಮೋಕ್ ಹಾಕ್ಬೇಕು" ಅಂದ. ಭಾನುವಾರ ಮೂವರೂ ಪೇಟೆಗೆ ಹೋದೆವು. ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಕೂತೆವು. ಅವನ ಫೋನಿನಿಂದ ಆ ಆ್ಯಪುಗಳನ್ನು ಅವನ ಕೈಯಿಂದಲೇ ತೆಗೆಸಿದೆವು. ಬ್ಯಾಂಕಿಗೆ ಜೋಡಿಸಿದ್ದ ನಂಬರು ಬದಲಾಯಿಸಿ, ಆರು ತಿಂಗಳು ಅಂಗಡಿಯ ಹಣ ಅವನ ತಂಗಿಯ ಖಾತೆಗೆ ಬೀಳುವ ಹಾಗೆ ಮಾಡಿದೆವು. ರಿಪೇರಿ ಬಿಲ್ಲಿನ ಹಿಂಬದಿಯಲ್ಲಿ ಯಾರಿಗೆ ಎಷ್ಟು ಎಂದು ಅವನೇ ಬರೆದ. ಬರೆಯುವಾಗ ಅವನ ಕೈ ನಡುಗುತ್ತಿತ್ತು, ನಾವು ಯಾರೂ ಮಾತಾಡಲಿಲ್ಲ. ಸಂಜೆ ಅವರವ್ವನ ಮುಂದೆ ಕೂತು ಅವನೇ ಹೇಳಿದ. ಆಮೇಲಷ್ಟೇ ನಾವು ಮೂವರು, ನಮ್ಮ ಮನೆ ಮುಳುಗದಷ್ಟು ಹಣವನ್ನು, ಎಷ್ಟು ಎಂದು ಬರೆದಿಟ್ಟು, ಕೊಟ್ಟೆವು.

ಆಟ ಈಗಲೂ ನಡೆಯುತ್ತಿದೆ, ಶನಿವಾರ ರಾತ್ರಿ ಮಾತ್ರ. ಎರಡು ಸೋಲಿಗೆ ಏಳುವ ಕಾನೂನೂ ಹಾಗೇ ಇದೆ.

ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ರಾತ್ರಿಯೆಲ್ಲ ಫೋನು ಹಿಡಿದು ಕೂತು, ಹಗಲು ಮಾತು ಕಡಿಮೆ ಮಾಡಿರುವ ಹುಡುಗನಿದ್ದರೆ, ಫೋನು ಕಿತ್ತುಕೊಳ್ಳುವ ಮೊದಲು ಅವನ ಪಕ್ಕ ಕೂತುಕೊಳ್ಳಿ. ಯಾವ ಆಟ, ಏನು ಹೋಯಿತು ಎಂದು ಕೇಳಿ. ಅಂಕ ಹೋಗಿದ್ದರೆ ಸೋತದ್ದು ಹೇಗೆಂದು ಅವನಿಂದಲೇ ಹೇಳಿಸಿ, ಅವನು ಹೇಳುತ್ತಾನೆ. ಹಣ ಹೋಗಿದ್ದರೆ ಅವನಾಗಿ ಹೇಳುವುದಿಲ್ಲ, ನೀವೇ ಕೇಳಬೇಕು. ನಾವು ಎರಡು ವರ್ಷ ಕೇಳಲಿಲ್ಲ. ಪೇಟೆಯ ಅವ್ವನ ಸರ ಗಿರವಿಯಿಂದ ಮನೆಗೆ ಬಂದದ್ದು ಈ ಯುಗಾದಿಗೆ.